ಗಾಲ್ಫ್ ಮೈದಾನದಂಚಿನ ನಮ್ಮ ಮನೆ

ಹೊಸ ಮನೆಯ ಮೊದಲ ಬೆಳಿಗ್ಗೆ ಪರದೆ ಸರಿಸಿದವಳು ಹಾಗೇ ನಿಂತುಬಿಟ್ಟೆ. ಹಿಂದಿನ ದಿನ ದುಬೈ ನಗರ ದಾಟಿ ಇಲ್ಲಿಗೆ ಬರುವಾಗ ದಾರಿಯುದ್ದಕ್ಕೂ ಕಂಡದ್ದು ಮರಳು, ಒಂದೆರಡು ಒಂಟೆ, ಮತ್ತೆ ಮರಳು. ಈಗ ಗಾಜಿನ ಬಾಗಿಲ ಆಚೆ ಕಣ್ಣು ಹಾಯುವಷ್ಟು ದೂರ ಹಸಿರು ಹುಲ್ಲು. ಅದರ ಅಂಚಿಗೆ ಯಾರೋ ಗೆರೆ ಕೊರೆದ ಹಾಗೆ ಹಸಿರು ನಿಂತು, ಅಲ್ಲಿಂದಾಚೆ ಜೋಳದ ಹಿಟ್ಟಿನಂಥ ಬಿಳಿ ಮರಳಿನ ದಿಬ್ಬ. ನಾನು ವಿಜಯಪುರದ ಕಡೆಯ ಹೊನವಾಡದವಳು, ಬೇಸಿಗೆಯಲ್ಲಿ ದ್ರಾಕ್ಷಿ ಪಡಕ್ಕೆ ಟ್ಯಾಂಕರಿನಿಂದ ನೀರು ತರಿಸುವುದನ್ನು ನೋಡುತ್ತ ಬೆಳೆದವಳು. ಯಾವ ದನವೂ ಮೇಯದ ಹುಲ್ಲಿಗೆ ಅಷ್ಟು ನೀರು ಚಿಮ್ಮುವುದನ್ನು ಕಂಡು ಖುಷಿಪಡಬೇಕೋ ಹೆದರಬೇಕೋ ತಿಳಿಯಲಿಲ್ಲ.

ಹುಲ್ಲು ಕತ್ತರಿಸುವ ಯಂತ್ರದ ಮೇಲೆ ಕುಳಿತು, ಮುಖಕ್ಕೆ ಬಟ್ಟೆ ಸುತ್ತಿಕೊಂಡ ಒಬ್ಬರು ನಮ್ಮ ಮನೆಯ ಹಿಂಗೋಡೆಯ ಹತ್ತಿರ ಬಂದರು. ಚಹದ ಕಪ್ಪು ಹಿಡಿದು ಬಂದ ನನ್ನ ಗಂಡ ಮಲ್ಲಿಕಾರ್ಜುನ ಅವರನ್ನು ನೋಡಿ ಕಪ್ಪು ಕೆಳಗಿಟ್ಟರು.

"ಬಸಣ್ಣ ಇದ್ದಂಗ ಐತಲ್ಲ," ಎಂದರು, ತಮ್ಮಷ್ಟಕ್ಕೆ ಎಂಬಂತೆ.

ನಾನು ಕೈ ಎತ್ತಿದೆ. ಯಂತ್ರದ ಮೇಲಿದ್ದವರು ನಮ್ಮನ್ನು ನೋಡಿದ್ದಂತೂ ಖಂಡಿತ. ಆದರೆ ಕಣ್ಣು ತಗ್ಗಿಸಿ ಯಂತ್ರ ತಿರುಗಿಸಿಕೊಂಡು ಹೋಗಿಬಿಟ್ಟರು.

ಬಸಣ್ಣ ಟಿಕೋಟಾದವರು. ನಮ್ಮವರು ಬಬಲೇಶ್ವರದ ಹತ್ತಿರದ ಜೈನಾಪುರದವರು. ದ್ರಾಕ್ಷಿ ಪಡಗಳಿಗೆ ಹನಿ ನೀರಾವರಿಯ ಪೈಪು ಕೂಡಿಸುತ್ತಿದ್ದ ಕೈಗೆ ಇದೇ ಗಾಲ್ಫ್ ಮೈದಾನದ ಪೈಪಿನ ಕೆಲಸ ಸಿಕ್ಕಿ, ಮದುವೆಗೂ ಮೊದಲೇ ಈ ದೇಶಕ್ಕೆ ಬಂದವರು. ಕೂಲಿಕಾರರ ಕ್ಯಾಂಪಿನಲ್ಲಿ ಒಂದರ ಮೇಲೊಂದು ಜೋಡಿಸಿದ ಮಂಚ. ಕೆಳಗಿನ ಮಂಚ ಬಸಣ್ಣನದು, ಮೇಲಿನದು ಇವರದು. ಇವರಿಗೆ ಕಾಮಣಿ ಆಗಿ ಕಣ್ಣೆಲ್ಲ ಹಳದಿಯಾದಾಗ ಕೆಲಸ ಹೋಗದಂತೆ ಇವರ ಪಾಳಿಯನ್ನೂ ತಾವೇ ಮಾಡಿ, ಗಂಜಿ ಕುಡಿಸಿದವರು ಬಸಣ್ಣ. ಮುಂದೆ ಇವರು ಸ್ವಂತವಾಗಿ ಶ್ರೀಮಂತರ ಮನೆಗಳ ತೋಟ ನೋಡಿಕೊಳ್ಳುವ ಕಂಪನಿ ಕಟ್ಟಿದರು. ನಾನು ಆಸ್ಪತ್ರೆಯಲ್ಲಿ ನರ್ಸು. ಹೀಗೆ ಇಬ್ಬರ ದುಡಿಮೆಯಿಂದ ಕೈ ಮೇಲಾಯಿತು.

ಈ ಮನೆ ಬೇಕೆಂದು ಹಟ ಹಿಡಿದವಳು ನಾನು. ಒಂದೇ ಫ್ಲಾಟನ್ನು ಮೂರು ಸಂಸಾರ ಹಂಚಿಕೊಂಡು, ನಡುವೆ ಪ್ಲೈವುಡ್ ಹಲಗೆ ನಿಲ್ಲಿಸಿಕೊಂಡು, ಮಗಳು ಅತ್ತರೆ ಆಚೆಯವರು ಗೋಡೆ ಬಡಿಯುವುದನ್ನು ಕೇಳಿಕೊಂಡು ಇದ್ದವಳು. ಹೊನವಾಡದಲ್ಲಿ ಮಗು ಅತ್ತರೆ ಪಕ್ಕದ ಮನೆಯವರು ಓಡಿಬಂದು ಎತ್ತಿಕೊಳ್ಳುತ್ತಿದ್ದರು.

"ಬ್ಯಾರೆ ಕಡೆ ನೋಡೂಣು," ಅಂದಿದ್ದರು ನಮ್ಮವರು. "ಅಲ್ಲಿ ನಾ ಕೂಲಿ ಮಾಡೇನಿ."

"ಅದಕ್ಕ ಅಲ್ಲೇ ತೊಗೊಳ್ಳೂನ್ರಿ," ಅಂದಿದ್ದೆ ನಾನು.

ಮನೆ ತೋರಿಸಲು ಬಂದ ಹುಡುಗಿ ಕೇಳಿದಾಗ ಇವರು, ಈ ಕಡೆಗೆ ಬರುತ್ತಿರುವುದು ಇದೇ ಮೊದಲು ಎಂದರು. ನಾನು ಪಕ್ಕದಲ್ಲೇ ಇದ್ದೆ. ನಿಜ ಹೇಳಬೇಕೆಂದರೆ, ಇವರು ಹಾಗೆ ಹೇಳಿದ್ದರಿಂದ ನನಗೆ ಸಮಾಧಾನವಾಗಿತ್ತು.

ಕಾಂಪೌಂಡಿನೊಳಗೆ ನಿಯಮಗಳು ಬಹಳ. ಬಟ್ಟೆ ಹೊರಗೆ ಒಣಹಾಕುವಂತಿಲ್ಲ. ಬಾಗಿಲ ಮುಂದೆ ರಂಗೋಲಿ ಬೇಕಾದರೆ ಅನುಮತಿ ಬೇಕು. ಮುಂದಿನ ಗೇಟು ಮನೆಯವರಿಗೆ, ಹಿಂದಿನ ಗೇಟು ಕೆಲಸದವರಿಗೆ. ಇಲ್ಲಿ ಕೂಲಿಯವರನ್ನೆಲ್ಲ 'ಸದೀಕ್' ಎಂದು ಕರೆಯುತ್ತಾರೆ. ಅರಬ್ಬಿಯಲ್ಲಿ ಅದರ ಅರ್ಥ ಗೆಳೆಯ. ಆದರೆ ಯಾವ ಗೆಳೆಯನನ್ನೂ ಆ ದನಿಯಲ್ಲಿ ಯಾರೂ ಕರೆಯುವುದಿಲ್ಲ.

ನಮ್ಮವರು ಕ್ಯಾಂಪಿಗೆ ಹೋಗಿ ಹುಡುಕಿದ ಮೇಲೆ, ಆ ಶುಕ್ರವಾರ ಬಸಣ್ಣನನ್ನು ಊಟಕ್ಕೆ ಕರೆದೆವು. ಅವರ ರಜೆಯ ದಿನ. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ನಮ್ಮ ಕಾರಿನಲ್ಲಿ, ಮುಂದಿನ ಗೇಟಿನಿಂದಲೇ ಬಂದರು. ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಬಡಿಸಿದೆ. ಕುರ್ಚಿಯ ತುದಿಯಲ್ಲಿ ಕುಳಿತೇ ಉಂಡರು. ಹೊರಡುವಾಗ ನಾನು, "ಮುಂಜಾನಿ ನಮ್ಮ ಮನಿ ಹಿಂದ ಬರ್ತೀರಲ್ಲ ಅಣ್ಣಾರ, ಚಾ ಕುಡದು ಹೋಗ್ರಿ," ಎಂದೆ.

"ಬ್ಯಾಡ ತಂಗಿ. ಯಾರರ ನೋಡ್ತಾರ."

"ನೋಡಿದ್ರ ನೋಡ್ಲಿ ಬಿಡ್ರಿ. ಏನಾಗತೈತಿ?"

"ನಿನಗೇನೂ ಆಗೂದಿಲ್ಲ. ಆದ್ರ ನನಗ ಆಗತೈತಿ," ಎಂದರು ನಗುತ್ತಲೇ.

ಆ ಮಾತನ್ನು ನಾನು ಸಂಕೋಚ ಎಂದುಕೊಂಡೆ. ನಮ್ಮ ಕಡೆ ಚಹಕ್ಕೆ ಬೇಡ ಎಂದವರನ್ನು ಮೂರು ಸಲ ಕರೆಯದೆ ಬಿಡುವುದುಂಟೇ? ಮರುದಿನದಿಂದ ಬೆಳಿಗ್ಗೆ ಗೋಡೆಯ ಮೇಲಿಂದ ಕಪ್ಪು ಚಾಚತೊಡಗಿದೆ. ಮೊದಲು ಅವರು ಯಂತ್ರ ನಿಲ್ಲಿಸಲೇ ಇಲ್ಲ. ನಾನು ಕಪ್ಪು ಹಿಡಿದು ನಿಂತೇ ಇರುತ್ತಿದ್ದೆ. ಕೊನೆಗೊಂದು ದಿನ ಇಳಿದು ಬಂದು, ಬೆನ್ನು ತಿರುಗಿಸಿ ನಿಂತು, ಗಟಗಟನೆ ಕುಡಿದು ಹೋದರು.

ವಾರ ಕಳೆಯುವುದರೊಳಗೆ ನಿವಾಸಿಗಳ ವಾಟ್ಸಾಪ್ ಗುಂಪಿನಲ್ಲಿ ಒಂದು ಫೋಟೋ ಬಂತು. ಗೋಡೆ, ಕಪ್ಪು, ಬಸಣ್ಣನ ಬೆನ್ನು, ಹಸಿರು ಬಳೆ ತೊಟ್ಟ ನನ್ನ ಕೈ. ನನ್ನ ಮುಖ ಕಾಣುತ್ತಿರಲಿಲ್ಲ. ಕೆಳಗೆ ಯಾರೋ ಇಂಗ್ಲಿಷಿನಲ್ಲಿ ಬರೆದಿದ್ದರು: ಕೆಲಸದ ಹೊತ್ತಿನಲ್ಲಿ ಇದೇನು? ಇವರು ಮನೆಗಳ ಒಳಗೂ ಬರುತ್ತಾರೆಯೇ? ಇನ್ನೊಬ್ಬರು ಕೇಳಿದ್ದರು: ಆ ಕೆಲಸದವಳು ಯಾರ ಮನೆಯವಳು?

ಅದನ್ನು ಓದಿ ನನ್ನ ಕಿವಿ ಬಿಸಿಯಾಯಿತು. ಬಳೆ ತೆಗೆದಿಡೋಣ ಎನಿಸಿತು. ಹಾಗೆ ಅನಿಸಿದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

ಸಂಜೆ ಬಸಣ್ಣನ ಫೋನು ಬಂತು. ನಮ್ಮವರು ಸ್ಪೀಕರಿಗೆ ಹಾಕಿದರು.

"ಮಲ್ಲು, ನಾಳೆ ಆಫೀಸಿಗೆ ಕರದಾರ. ಒಳಗ ಹೊಕ್ಕಿದ್ದು ಖರೆ ಆದ್ರ ಕೆಲಸದಿಂದ ತಗಿತಾರಂತ. ನೀವ್ ಬರಬ್ಯಾಡ್ರಿ. ನನಗ ನಿಮ್ಮ ಗುರುತೇ ಇಲ್ಲಂತ ಹೇಳ್ತೇನಿ."

ಇವರು ಫೋನು ಇಟ್ಟು, ಎದ್ದು ಹೋಗಿ ಗಾಜಿನ ಬಾಗಿಲ ಪರದೆ ಎಳೆದರು. ಅದನ್ನು ನನಗೆ ಸಹಿಸಲಾಗಲಿಲ್ಲ. ಬಸಣ್ಣನ ಹಿರಿಯ ಮಗಳ ಮದುವೆ ಗೊತ್ತಾಗಿತ್ತು, ಕಿರಿಯವಳು ವಿಜಯಪುರದಲ್ಲಿ ಕಾಲೇಜು ಓದುತ್ತಿದ್ದಳು. ಅವರ ವಯಸ್ಸಿಗೆ ಕೆಲಸ ಹೋದರೆ ವೀಸಾನೂ ಹೋಗುತ್ತದೆ, ಮತ್ತೆ ಯಾರೂ ಕರೆಸಿಕೊಳ್ಳುವುದಿಲ್ಲ. ಮಾರನೆಯ ದಿನ ಇವರು ಹೊರಗೆ ಹೋದ ಮೇಲೆ, ಆಸ್ಪತ್ರೆಗೆ ರಜೆ ಹೇಳಿ ನಾನೊಬ್ಬಳೇ ಆಫೀಸಿಗೆ ಹೋದೆ.

ಮ್ಯಾನೇಜರ್ ಈಜಿಪ್ಟಿನ ಹೆಂಗಸು. ನನಗಿಂತ ಚಿಕ್ಕವಳು. ಫೋಟೋದಲ್ಲಿರುವುದು ನನ್ನ ಕೈ ಎಂದು ಹೇಳಿದೆ.

"ಅವರು ನಿಮಗೆ ಏನಾಗಬೇಕು?" ಎಂದು ಕೇಳಿದಳು.

"ಅಣ್ಣ," ಎಂದೆ.

ಅವಳು ಪೆನ್ನು ಕೆಳಗಿಟ್ಟಳು. "ಈಗ ತಾನೇ ಅವರು ಹೇಳಿ ಹೋದರು, ನೀವು ಯಾರೋ ಗೊತ್ತೇ ಇಲ್ಲವೆಂದು. ನೀವಿಬ್ಬರಲ್ಲಿ ಸುಳ್ಳು ಹೇಳುತ್ತಿರುವವರು ಯಾರು? ಅವರಾದರೆ ಇವತ್ತೇ ಕೆಲಸದಿಂದ ತೆಗೆಯಬೇಕಾಗುತ್ತದೆ."

ಗಾಜಿನ ಗೋಡೆಯ ಆಚೆ ಬಸಣ್ಣ ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು. ನಾನು ಒಳಗಿರುವುದನ್ನು ಕಂಡು ಅವರ ಮುಖ ಬಿಳಚಿಕೊಂಡಿತು. ನಾನು ಗಂಡನಿಗೆ ಫೋನು ಮಾಡಿದೆ.

ಇವರು ಬಂದರು. ಬೂಟಿನ ತುಂಬ ಕೆಸರು, ಯಾರದೋ ತೋಟದಿಂದ ನೇರ ಬಂದಿದ್ದರು. ಬಸಣ್ಣನ ತೋಳು ಹಿಡಿದು ಒಳಗೆ ಕರೆತಂದು ಕುರ್ಚಿಯ ಮೇಲೆ ಕೂರಿಸಿದರು. ಆಮೇಲೆ ಮ್ಯಾನೇಜರಿಗೆ ಹಿಂದಿಯೂ ಇಂಗ್ಲಿಷೂ ಬೆರೆಸಿ ಹೇಳಿದರು: "ನಾನು ಇದೇ ಮೈದಾನದಲ್ಲಿ ಪೈಪು ಹೂಳಿದವನು. ಹಿಂದಿನ ಗೇಟಿನಿಂದ ಬರುತ್ತಿದ್ದೆ. ನಾನು ಕಾಯಿಲೆ ಬಿದ್ದಾಗ ಇವರು ನನ್ನ ಕೆಲಸ ಮಾಡಿ ನನ್ನನ್ನು ಉಳಿಸಿದರು. ಇವರು ನಮ್ಮ ಮನೆಗೆ ಬಂದದ್ದು ರಜೆಯ ದಿನ, ಅತಿಥಿಯಾಗಿ, ನನ್ನ ಕಾರಿನಲ್ಲಿ. ನಮ್ಮನ್ನು ಕಾಪಾಡಲಿಕ್ಕೆ ಸುಳ್ಳು ಹೇಳಿದ್ದಾರೆ. ತಪ್ಪಾಗಿದ್ದರೆ ನಮ್ಮದು."

ಮ್ಯಾನೇಜರ್ ಇವರ ಬೂಟನ್ನು ನೋಡಿದಳು, ನನ್ನನ್ನು ನೋಡಿದಳು. ರಜೆಯ ದಿನದ ಅತಿಥಿಯನ್ನು ಯಾರೂ ತಡೆಯುವಂತಿಲ್ಲ ಎಂದಳು. ಆದರೆ ಕೆಲಸದ ಹೊತ್ತಿನ ಚಹ ತಪ್ಪೇ, ಅದಕ್ಕೆ ಎಚ್ಚರಿಕೆ ಕೊಡದೆ ವಿಧಿಯಿಲ್ಲ ಎಂದಳು. ಸುಳ್ಳಿನ ಮಾತನ್ನು ಮಾತ್ರ ಅವಳು ಬರೆದುಕೊಳ್ಳಲಿಲ್ಲ. ಬಸಣ್ಣನನ್ನು ಮೈದಾನದಿಂದ ತೆಗೆದು ಯಂತ್ರಗಳ ಶೆಡ್ಡಿಗೆ ಹಾಕಿದರು. ಅಂತೂ ಕೆಲಸ ಉಳಿಯಿತು.

ಹೊರಗೆ ಬಂದ ಮೇಲೆ ನಾನು ಬಸಣ್ಣನ ಮುಖ ನೋಡಲಾರದೆ ನಿಂತೆ. ಅವರೇ ಮಾತಾಡಿದರು.

"ತಂಗಿ, ಅಣ್ಣ ಅಂದಿ. ಭಾಳ ದೊಡ್ಡ ಮಾತು ಅಂದಿ. ಆದ್ರ ನನ್ನ ಒಂದ್ ಮಾತು ಕೇಳಿ ಅನಬೇಕಿತ್ತು."

ನಾನು ತಲೆಯಾಡಿಸಿದೆ.

ಅಂದು ಸಂಜೆ ನಮ್ಮವರು ಗುಂಪಿನಲ್ಲಿ ಬರೆದರು: ಆ ಕೈ ನನ್ನ ಹೆಂಡತಿಯದು. ಆ ಕೆಲಸಗಾರ ನಮ್ಮ ಅಣ್ಣನ ಸಮಾನ. ನಾನೂ ಅದೇ ಹುಲ್ಲಿನಲ್ಲಿ ದುಡಿದವನು. ಯಾರೂ ಉತ್ತರಿಸಲಿಲ್ಲ. ಎದುರು ಮನೆಯವರು ಮರುದಿನದಿಂದ ನಮಸ್ಕಾರ ಹೇಳುವುದನ್ನು ಬಿಟ್ಟರು. ಹಿಂದಿನ ಬೀದಿಯ ವಯಸ್ಸಾದ ಮಲಯಾಳಿ ಅಮ್ಮ ಮಾತ್ರ ಬಾಳೆಹಣ್ಣಿನ ಚಿಪ್ಸು ಹಿಡಿದು ಬಂದು, ಏನೂ ಕೇಳದೆ, ಒಂದು ಗಂಟೆ ಕುಳಿತು ಹೋದರು. ಈಗ ನಾನು ಈ ಬೀದಿಗಳಲ್ಲಿ ನಡೆಯುವಾಗ ನನ್ನ ಹಿಂದೆ ಮಾತು ನಡೆಯುವುದು ಗೊತ್ತಾಗುತ್ತದೆ. ನಮ್ಮವರು ಮಾತ್ರ ಮೊದಲ ಸಲ ಹಿತ್ತಲಿನಲ್ಲಿ ಬರಿಗಾಲಲ್ಲಿ ಓಡಾಡತೊಡಗಿದ್ದಾರೆ.

ಬಸಣ್ಣ ಎಷ್ಟೋ ಶುಕ್ರವಾರ ಬರಲಿಲ್ಲ. ಕರೆದರೆ "ನೋಡೂಣು" ಎನ್ನುತ್ತಿದ್ದರು. ಮಗಳ ಮದುವೆಗೆ ಊರಿಗೆ ಹೊರಟಾಗ, ಹೊನವಾಡದಲ್ಲಿರುವ ನನ್ನ ಅವ್ವನಿಗೊಂದು ಸೀರೆ, ಒಂದಿಷ್ಟು ಖರ್ಜೂರ ಒಯ್ಯುವಿರಾ ಎಂದು ಹೆದರುತ್ತಲೇ ಕೇಳಿದೆ. "ಕೊಡು, ಬಸ್ಸಿಗೆ ಹೋಗಿ ಕೊಟ್ಟು ಬರ್ತೇನಿ," ಎಂದರು.

ಮೊನ್ನೆ ಹೊನವಾಡದಿಂದ ವಿಡಿಯೋ ಕರೆ ಬಂತು. ನಮ್ಮ ಮನೆಯ ಪಡಸಾಲೆ. ಬಸಣ್ಣ ಗೋಡೆಗೆ ಒರಗಿ, ಕಾಲು ಚಾಚಿ, ತಾಟು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. ಅವ್ವ ಬೇಡ ಬೇಡವೆಂದರೂ ಬಡಿಸುತ್ತಿದ್ದಳು.

"ತಂಗಿ, ನಿಮ್ಮವ್ವ ನನ್ನ ಬಿಡಾಕ ತಯಾರಿಲ್ಲ ನೋಡು!" ಎಂದು ಬಸಣ್ಣ ಗಟ್ಟಿಯಾಗಿ ನಕ್ಕರು. ಅವರು ಹಾಗೆ ನಗುವುದನ್ನು ನಾನು ಕೇಳಿಯೇ ಇರಲಿಲ್ಲ.

"ಮನಿಮಗಾ ಬಂದಂಗ ಆಗೇತಿ," ಎಂದಳು ಅವ್ವ. "ನೀ ಯಾವಾಗ ಬರ್ತೀ ಬೇ?"

"ರಜಾ ಸಿಕ್ಕ ಕೂಡ್ಲೇ ಬರ್ತೇನಿ," ಎಂದೆ.

ಕರೆ ಮುಗಿದ ಮೇಲೆ ನನ್ನ ಹಿಂದಿನ ರಜೆ ನೆನಪಾಯಿತು. ಕಳೆದ ಸಲ ಹೊನವಾಡಕ್ಕೆ ಹೋದಾಗ ಅವ್ವ ಪಕ್ಕದ ಮನೆಯಿಂದ ನನಗಾಗಿ ಕುರ್ಚಿ ತರಿಸಿದ್ದಳು. ಮೇಲೊಂದು ಟವೆಲು ಹಾಸಿ, ನೆಲ ತಣ್ಣಗೈತಿ, ಇದರ ಮ್ಯಾಲ ಕೂಡು, ನಿನಗ ರೂಢಿ ಇಲ್ಲ ಎಂದಿದ್ದಳು. ನಾನು ಕುಳಿತಿದ್ದೆ. ಮೊನ್ನೆ ಮೊದಲ ಸಲ ಬಂದ ಬಸಣ್ಣನಿಗೆ ಅವಳು ಹಾಸಿದ್ದು ಚಾಪೆ.