ಅಕ್ಕಯ್ಯಮ್ಮನ ಕರುಳು, ಮುನಿನಾರಾಯಣಮ್ಮನ ಕಜ್ಜಾಯ

ಕೊಡಿಗೇಹಳ್ಳಿಯ ಹಳೇ ಬೀದಿಯಲ್ಲಿ ಅಕ್ಕಯ್ಯಮ್ಮನ ಬಾಯಿಗೆ ಹೆದರದವರು ಯಾರಾದರೂ ಇದ್ದರೆ ಅವರಿಗೆ ಕಿವಿ ಕೇಳುತ್ತಿರಲಿಲ್ಲ ಎಂದೇ ಲೆಕ್ಕ. ವಯಸ್ಸು ಅರವತ್ತನಾಲ್ಕು. ಗಂಡ ಹೋದ ಮೇಲೆ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ನಾಲ್ಕು ಮಹಡಿ ಎಬ್ಬಿಸಿ ಬಾಡಿಗೆಗೆ ಬಿಟ್ಟಿದ್ದಳು. ಕೆಳಗಿನ ಮೆಟ್ಟಿಲ ಮೇಲೆ ಕೂತು, ಯಾರು ನೀರು ಚೆಲ್ಲಿದರು, ಯಾರು ಚಪ್ಪಲಿ ಎಲ್ಲಿ ಬಿಟ್ಟರು ಎಂದು ದಿನವಿಡೀ ಬೈಯುವುದು ಅವಳ ಕೆಲಸ. ಅದೆಲ್ಲ ಬರೀ ಅಭ್ಯಾಸಕ್ಕೆ. ಅಸಲಿ ಬೈಗುಳ ಎದುರು ಮನೆಯ ವಾರಗಿತ್ತಿ ಮುನಿನಾರಾಯಣಮ್ಮನಿಗೆ ಮೀಸಲಾಗಿತ್ತು. ಹಿರಿಯರ ಕಾಲದ ದೇವರ ಪೆಟ್ಟಿಗೆ ಯಾರ ಮನೆಯಲ್ಲಿರಬೇಕು ಎಂದು ಶುರುವಾದ ಜಗಳಕ್ಕೆ ಒಂಬತ್ತು ವರ್ಷ ತುಂಬಿತ್ತು. ಪೆಟ್ಟಿಗೆಯೊಳಗಿನ ದೇವರಿಗೇ ಬೇಜಾರಾಗಿರಬೇಕು, ಇವರಿಗೆ ಮಾತ್ರ ಆಗಿರಲಿಲ್ಲ.

ಅಂಥವಳಿಗೆ ಗರ್ಭಕೋಶದ ಬಾಯಿಯ ಕ್ಯಾನ್ಸರ್ ಬಂತು. ಕಿಬ್ಬೊಟ್ಟೆಗೆ ಇಪ್ಪತ್ತೈದು ದಿನ ರೇಡಿಯೇಷನ್ ಕೊಡಬೇಕು, ಪೂರ್ತಿ ಮುಗಿಸಿದರೆ ವಾಸಿಯಾಗುತ್ತದೆ ಎಂದರು ಡಾಕ್ಟರು. ಊರಿನವರ ಬಾಯಲ್ಲಿ ಅದು ಕರೆಂಟು ಕೊಡುವುದು. ಮಗ ಮಹೇಂದ್ರ ದಿನಾ ಕಾರಿನಲ್ಲಿ ಹೆಬ್ಬಾಳದ ಆಚೆಯ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದ. ಅಲ್ಲಿ ಮಿಷನ್ನು ನೋಡಿಕೊಳ್ಳುವ ನಯನಾ ಜಕ್ಕೂರಿನ ಹಳೇ ಊರಿನ ಹುಡುಗಿ. ಮೂರನೇ ವಾರದ ಹೊತ್ತಿಗೆ ಭೇದಿ ಶುರುವಾಗಬಹುದು, ಶುರುವಾದರೆ ಕೂಡಲೇ ಹೇಳಬೇಕು, ಸೊಪ್ಪು, ಹಾಲು, ಖಾರ ಬೇಡ ಎಂದು ಅವಳು ಮೊದಲ ದಿನವೇ ಹೇಳಿದ್ದಳು. ಅಕ್ಕಯ್ಯಮ್ಮ ಕೇಳಿಸಿಕೊಂಡಿರಲಿಲ್ಲ. ಆಗ ಅವಳು, ತನ್ನ ಕುರ್ಚಿಯಲ್ಲಿ ಕೂತ ಯಾರನ್ನೋ ಎಬ್ಬಿಸುತ್ತಿದ್ದಳು.

ಹದಿನಾಲ್ಕು ಕರೆಂಟು ಮುಗಿದಿತ್ತು. ಪಕ್ಷದ ಹಬ್ಬ ಬಂತು. ಹಿರಿಯರಿಗೆ ಎಡೆ ಇಡುವ ದಿನ ಮುನಿನಾರಾಯಣಮ್ಮ ತಾನಾಗಿ ಅಕ್ಕಯ್ಯಮ್ಮನ ಹೊಸಿಲ ಹೊರಗೆ ನಿಂತು ಕರೆದಳು. "ಬದ್ಕಿರೋವಾಗ್ಲೇ ಒಂದ್ಸಲ ಬಂದು ಉಂಡೋಗಕ್ಕ." ಇದು ಕರೆಯೋ ಶಾಪವೋ ಎಂದು ಅಕ್ಕಯ್ಯಮ್ಮ ಇಡೀ ಬೆಳಿಗ್ಗೆ ಯೋಚಿಸಿದಳು. ಆದರೂ ಹೋದಳು. ಮುನಿನಾರಾಯಣಮ್ಮನ ಕಜ್ಜಾಯವೆಂದರೆ ಸುತ್ತಲಿನ ಹಳ್ಳಿಗಳಲ್ಲೆಲ್ಲ ಹೆಸರು, ಮದುವೆ ಮನೆಯವರು ಅವಳನ್ನೇ ಹುಡುಕಿಕೊಂಡು ಬರುತ್ತಿದ್ದರು. ಅಕ್ಕಯ್ಯಮ್ಮ ಮೂರು ಕಜ್ಜಾಯ ತಿಂದಳು, ಮುದ್ದೆ ಮುರಿದು ಮಾಂಸದ ಸಾರು ಸುರಿದುಕೊಂಡಳು, ಒಂದು ಒಳ್ಳೆಯ ಮಾತೂ ಆಡದೆ ಎದ್ದು ಬಂದಳು.

ಮರುದಿನ ಹೆಬ್ಬಾಳದ ಫ್ಲೈಓವರ್ ಮೇಲೆ ಕಾರು ಮುಂದಕ್ಕೂ ಇಲ್ಲ ಹಿಂದಕ್ಕೂ ಇಲ್ಲ ಎಂದು ಸಿಕ್ಕಿಕೊಂಡಿದ್ದಾಗ ಹೊಟ್ಟೆ ಹಿಂಡಿತು. ಆಸ್ಪತ್ರೆ ತಲುಪುವವರೆಗೂ ತಡೆಯಲಾಗಲಿಲ್ಲ. ಅರವತ್ತನಾಲ್ಕು ವರ್ಷದ ಹೆಂಗಸು ಮಗನ ಕಾರಿನ ಸೀಟಿನಲ್ಲಿ ಸೀರೆ ಹಾಳುಮಾಡಿಕೊಂಡು ಕೂತಳು. ಮಹೇಂದ್ರ ಕಿಟಕಿ ಇಳಿಸಿ, ಏನೂ ಆಗದವನಂತೆ ಮುಂದೆ ನೋಡಿದ. ಆ ಅವಮಾನಕ್ಕೆ ಅಕ್ಕಯ್ಯಮ್ಮನಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಸಿಟ್ಟು ಬಂದ ಮೇಲೆ ಅವಳಿಗೆ ಒಬ್ಬರು ಬೇಕಿತ್ತು.

ಎರಡು ದಿನದಲ್ಲಿ ಭೇದಿಯ ಜೊತೆ ಲೋಳೆಯೂ ನೆತ್ತರಿನ ಎಳೆಯೂ ಕಂಡಿತು. ಅವಳು ಆಸ್ಪತ್ರೆಯಲ್ಲಿ ಬಾಯಿಬಿಡಲಿಲ್ಲ. ಅವಳ ಪಾಲಿಗೆ ಕಾರಣ ಆಗಲೇ ಸಿಕ್ಕಿತ್ತು: ಕೈಮದ್ದು. ಆಗದವರು ಅನ್ನದಲ್ಲಿ ಮದ್ದು ಬೆರೆಸಿ ಇಡುತ್ತಾರೆ, ಅದು ಕರುಳಿಗೆ ಅಂಟಿಕೊಂಡು ಮನುಷ್ಯನನ್ನು ಸವೆಸುತ್ತದೆ ಎಂಬುದು ಆ ಕಡೆಯ ಹಳ್ಳಿಗಳಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಒಂಬತ್ತು ವರ್ಷ ನೀರೂ ಕೊಡದವಳು ಕರೆದು ಕಜ್ಜಾಯ ಹಾಕುತ್ತಾಳೆಂದರೆ ಇನ್ನೇನು?

ಬೆಳಿಗ್ಗೆ ಆರಕ್ಕೆ ಹಾಲಿನ ಬೂತಿನ ಮುಂದೆ ಇಡೀ ಹಳೇ ಊರು ನಿಂತಿರುತ್ತದೆ. ಅಲ್ಲಿಗೇ ಹೋಗಿ ಗೋಡೆ ಹಿಡಿದು ನಿಂತಳು. "ಈ ಮುನಿ ನಂಗೆ ಮದ್ದಾಕವ್ಳೆ," ಎಂದಳು. "ಪಕ್ಷದ ಎಡೇಲಿ ಆಕವ್ಳೆ. ನಾಳೆ ನಿಮ್ಗೂ ಆಕ್ತಾಳೆ." ಮುನಿನಾರಾಯಣಮ್ಮ ಸಾಲಿನಲ್ಲೇ ಇದ್ದಳು. ಹಾಲಿನ ಪ್ಯಾಕೆಟ್ಟು ಕೈಯಲ್ಲಿ ಹಿಡಿದು ಮಾತಾಡದೆ ಮನೆಗೆ ಹೋದಳು. ಮಾತಾಡದಿದ್ದುದೇ ಸಾಕ್ಷಿಯಾಯಿತು ಜನಕ್ಕೆ.

ಆ ಶನಿವಾರ ಕರೆಂಟಿಗೆ ರಜೆ. ಮಹೇಂದ್ರ ಬೇಡವೆಂದು ಬಾಯಿ ನೋಯಿಸಿಕೊಂಡರೂ ಆಟೋ ಹಿಡಿದು ಹೆಸರಘಟ್ಟದ ಕಡೆ ಮದ್ದು ತೆಗೆಯುವ ಕೃಷ್ಣಯ್ಯನ ಬಳಿಗೆ ಹೋದಳು. ಅವನು ಯಾವುದೋ ಸೊಪ್ಪಿನ ರಸ ಕುಡಿಸಿ ವಾಂತಿ ಮಾಡಿಸಿದ. ವಾಂತಿಯಿಂದ ಕಡಲೆಕಾಳಿನಷ್ಟು ಕಪ್ಪನೆಯದೊಂದು ಎತ್ತಿ ತೋರಿಸಿದ. ಅದು ಅವನ ಬೆರಳ ಸಂದಿಯಲ್ಲಿ ಮೊದಲೇ ಇತ್ತೆಂದು ಹೇಳಿದರೆ ಅಕ್ಕಯ್ಯಮ್ಮ ಕೊಲ್ಲುತ್ತಿದ್ದಳು. ಕರುಳಿಗೆ ಅಂಟಿದ ಮಿಕ್ಕಿದ್ದು ಕೆಳಗಿನಿಂದ ಹೋಗಬೇಕು ಎಂದು ಇನ್ನೊಂದು ಲೋಟ ಕುಡಿಸಿ ಕಳಿಸಿದ. ಭಾನುವಾರ ಅವಳು ಬಚ್ಚಲಲ್ಲಿ ನೆತ್ತರಿನ ನಡುವೆ ಬಿದ್ದಿದ್ದಳು.

ಆರು ದಿನ ಆಸ್ಪತ್ರೆಯಲ್ಲಿ ಡ್ರಿಪ್ಪು. ಡಾಕ್ಟರು ಕರೆಂಟು ನಿಲ್ಲಿಸಿದರು. ಹೆಚ್ಚು ದಿನ ನಿಂತರೆ ಗಡ್ಡೆ ಮತ್ತೆ ಚಿಗುರುತ್ತದೆ ಎಂದು ಮಹೇಂದ್ರನಿಗೆ ಹೇಳಿದ್ದು ಅವಳಿಗೂ ಕೇಳಿಸಿತು. ಆದರೂ ಮುಂದಿನ ಸೋಮವಾರ ಕರೆಂಟು ಮತ್ತೆ ಶುರುಮಾಡಲು ನಯನಾ ಬಂದು ಕರೆದಾಗ ಅವಳು ಮುಖ ತಿರುಗಿಸಿದಳು. ಮದ್ದು ಪೂರ್ತಿ ಹೋಗುವ ತನಕ ಕರೆಂಟು ಬೇಡವಂತೆ.

ನಯನಾಗೆ ರೇಗಿತು. ಮಂಚದ ತುದಿಯಲ್ಲಿ ಕೂತಳು. "ಅಜ್ಜಿ, ನಿಮ್ ಹಳೇ ಮನೇಲಿ ನೆಲ ಸಗಣಿ ಹಾಕಿ ಸಾರಿಸ್ತಿದ್ರಲ್ವಾ? ಕರುಳಿನ ಒಳಗೂ ಹಂಗೇ ಒಂದು ಪದರ ಇರತ್ತೆ. ನಾಲ್ಕೈದು ದಿನಕ್ಕೆ ಹಳೇದು ಉದುರತ್ತೆ, ಹೊಸದು ಬರತ್ತೆ. ಕರೆಂಟು ಗಡ್ಡೆ ಜೊತೆ ಆ ಸಾರಿಸೋ ಕೈಗೂ ಹೊಡೆಯತ್ತೆ. ಹಳೇದು ಉದುರ್ತಾ ಇರತ್ತೆ, ಹೊಸದು ಬರಲ್ಲ. ಒಳಗೆಲ್ಲ ಹಸಿಹಸಿ ಹುಣ್ಣು. ಅದರ ಮೇಲೆ ಆ ಸೊಪ್ಪಿನ ರಸ ಹುಯ್ಕೊಂಡು ಬಂದ್ರಿ. ಕರೆಂಟು ಮುಗಿದು ಎರಡ್ಮೂರು ವಾರಕ್ಕೆ ತಾನಾಗೇ ವಾಸಿಯಾಗತ್ತೆ."

ಹಾಗಾದರೆ ಮುನಿ ಮದ್ದು ಹಾಕಿಲ್ಲವೇ ಎಂದು ಅಕ್ಕಯ್ಯಮ್ಮ ಕೇಳಿದಳು.

"ಹೊರಗೆ ಏಳು ಜನ ಹೆಂಗಸರು ಕೂತಿದ್ದಾರೆ. ಏಳು ಜನಕ್ಕೂ ಇದೇ ಭೇದಿ. ಆರ್‌ಟಿ ನಗರದಿಂದ ಬರೋ ಅಕ್ಬರಿಯವ್ರಿಗೂ ನಿಮ್ ವಾರಗಿತ್ತಿನೇ ಕಜ್ಜಾಯ ಕೊಟ್ರಾ?"

ಅಕ್ಕಯ್ಯಮ್ಮ ಬಾಗಿಲ ಸಂದಿಯಿಂದ ನೋಡಿದಳು. ಒಬ್ಬೊಬ್ಬರೂ ಹೊಟ್ಟೆ ಹಿಡಿದು, ಕಕ್ಕಸಿನ ಬಾಗಿಲ ಮೇಲೇ ಕಣ್ಣಿಟ್ಟು ಕೂತಿದ್ದರು. ಎದ್ದು ಹೋಗಿ ಮಿಷನ್ನಿನ ಕೆಳಗೆ ಮಲಗಿದಳು. ಸೊಸೆ ಕಲಾವತಿ ಮಾಡಿಕೊಟ್ಟ ಅನ್ನದ ಗಂಜಿಯನ್ನು ಜೀವಮಾನದಲ್ಲಿ ಮೊದಲ ಸಲ ಬೈಯದೆ ಕುಡಿದಳು. ಇಪ್ಪತ್ತೈದೂ ಮುಗಿಸಿದಳು. ಮುಗಿದ ಮೂರು ವಾರಕ್ಕೆ, ನಯನಾ ಹೇಳಿದ ಹಾಗೇ, ಭೇದಿ ನಿಂತಿತು. ಒಳಗಿನ ನೆಲವನ್ನು ಮತ್ತೆ ಯಾರೋ ಸಾರಿಸಿದ್ದರು.

ಆದರೆ ಆ ವರ್ಷ ಮುನಿನಾರಾಯಣಮ್ಮನನ್ನು ಒಂದು ಮದುವೆಗೂ ಕಜ್ಜಾಯಕ್ಕೆ ಕರೆಯಲಿಲ್ಲ. ಅವಳು ಬಾಗಿನದಲ್ಲಿ ಕೊಟ್ಟ ಬಾಳೆಹಣ್ಣನ್ನೂ ಜನ ಬೀದಿ ತಿರುವಿನಲ್ಲಿ ಹಸುವಿಗೆ ಹಾಕುತ್ತಿದ್ದರು. ಮೆಟ್ಟಿಲ ಮೇಲೆ ಕೂತ ಅಕ್ಕಯ್ಯಮ್ಮ ಅದನ್ನು ಕಣ್ಣಾರೆ ಕಂಡಳು, ಒಂದು ಸಲವಲ್ಲ. ತಪ್ಪು ತನ್ನದು ಎಂದು ಚೆನ್ನಾಗಿ ಗೊತ್ತಿತ್ತು. ಒಪ್ಪಿಕೊಳ್ಳಲು ಒಂದು ವರ್ಷ ಹಿಡಿಯಿತು, ಅಷ್ಟು ಸೊಕ್ಕು ಆ ಹೆಂಗಸಿಗೆ.

ಮತ್ತೆ ಪಕ್ಷ ಬಂತು. ಈ ಸಲ ಯಾರೂ ಕರೆಯದೆ ಹೋದಳು. ನಲವತ್ತು ಎಲೆ ಬೀಳುತ್ತಿದ್ದ ಮನೆಯಲ್ಲಿ ಐದೇ ಎಲೆ, ಎಲ್ಲ ಮನೆಯವರದೇ. ಅಕ್ಕಯ್ಯಮ್ಮ ಕೊನೆಯಲ್ಲಿ ಕೂತಳು. ಮುನಿನಾರಾಯಣಮ್ಮ ಒಂದು ಕಜ್ಜಾಯ ಮುರಿದು, ಅರ್ಧ ಬಾಯಿಗೆ ಹಾಕಿಕೊಂಡು, ಅವಳ ಕಣ್ಣೆದುರೇ ಅಗಿದು ನುಂಗಿ, ಉಳಿದರ್ಧ ಎಲೆಗೆ ಹಾಕಿದಳು. "ನೋಡ್ಕಂಡ್ಯಾ? ಉಣ್ಣು."

ಅಕ್ಕಯ್ಯಮ್ಮ ತಲೆ ತಗ್ಗಿಸಿ ತಪ್ಪಾಯಿತೆಂದಳು.

"ಇಲ್ಯಾಕ್ ಏಳ್ತೀಯಕ್ಕ," ಎಂದಳು ಮುನಿನಾರಾಯಣಮ್ಮ. "ಬೂತ್ತಾವ ಏಳು. ಅಲ್ಲೇ ತಾನೆ ಅಂದಿದ್ದು."

ಮರುದಿನ ಬೆಳಿಗ್ಗೆ ಆರಕ್ಕೆ ಅಕ್ಕಯ್ಯಮ್ಮ ಹಾಲಿನ ಬೂತಿಗೆ ಹೋದಳು. ಮುನಿನಾರಾಯಣಮ್ಮ ಸಾಲಿನ ನಡುವೆ ನಿಂತಿದ್ದಳು. "ಮುನಿ ನಂಗೆ ಮದ್ದಾಕಿರ್ಲಿಲ್ಲ," ಎಂದು ಅಕ್ಕಯ್ಯಮ್ಮ ಎಲ್ಲರಿಗೂ ಕೇಳುವಂತೆ ಹೇಳಿದಳು. "ಅದು ಕರೆಂಟಿಂದ ಆಗಿದ್ದು. ನಾನ್ ಸುಳ್ ಏಳ್ದೆ. ಅವ್ಳ ಕೈ ಚೊಕ್ಕ ಐತೆ."

ಹಳೇ ಊರಿನ ಮುದುಕಿಯೊಬ್ಬಳು ಪ್ಯಾಕೆಟ್ಟು ಸೆರಗಿನೊಳಗೆ ಇಟ್ಟುಕೊಂಡು, ಪಕ್ಕದವಳ ಕಿವಿಗೆ ಬಾಗಿದಳು. ಆದರೆ ಅವಳಿಗೆ ಮೆಲ್ಲಗೆ ಮಾತಾಡಿ ಅಭ್ಯಾಸವಿರಲಿಲ್ಲ, ಇಡೀ ಸಾಲಿಗೆ ಕೇಳಿಸಿತು.

"ನಿನ್ನೆ ಮತ್ತೆ ಅಲ್ಲೇ ಉಂಡ್ಬಂದವ್ಳೆ. ಮದ್ದು ಬಿದ್ದೋರು ಇಂಗೇ ಕಣೇ, ಆಕ್ದೋರ್ ಪರ್ವಾಗೇ ಮಾತಾಡದು."

ಸಾಲು ಒಂದು ಹೆಜ್ಜೆ ಮುಂದೆ ಸರಿಯಿತು. ಮುನಿನಾರಾಯಣಮ್ಮನ ಹಿಂದೆ ನಿಂತವರು ಮಾತ್ರ ಸರಿಯಲಿಲ್ಲ.