ಖಂಡೆಪ್ಪನೂ ಕೆಳಗಿಳಿದ ಮೋಟಾರೂ

ಇಂಡಿ ಊರಿನ ವಕೀಲ ವಾಸುದೇವರಾಯರ ಮನೆಯ ಮೋಟಾರು ಯಾವ ಕಂಪನಿಯದೆಂದು ಯಾರಿಗೂ ಗೊತ್ತಿರಲಿಲ್ಲ. ಮೂತಿಯ ಮೇಲಿದ್ದ ಹಿತ್ತಾಳೆಯ ಹೆಸರು ಸ್ವಾತಂತ್ರ್ಯ ಬರುವ ಮೊದಲೇ ಒಂದೊಂದೇ ಅಕ್ಷರವಾಗಿ ಉದುರಿ ಸಿಂದಗಿ ರಸ್ತೆಯ ಧೂಳು ಸೇರಿತ್ತು. ರಾಯರ ತಂದೆ ಕೊಂಡಿದ್ದಾದ್ದರಿಂದ ಮನೆಯವರು ಅದನ್ನು ‘ಅಪ್ಪಾಸಾಹೇಬರ ಮೋಟಾರು’ ಎನ್ನುತ್ತಿದ್ದರು. ಊರವರು ಮಾತ್ರ ‘ಖಂಡೆಪ್ಪನ ಗಾಡಿ’ ಎನ್ನುತ್ತಿದ್ದರು. ಖಂಡೆಪ್ಪ ಅದರ ಡ್ರೈವರ್. ಇಪ್ಪತ್ತಾರು ವರ್ಷ ಅದರ ಸ್ಟೇರಿಂಗ್ ಹಿಡಿದವನು.

ಊರವರ ಮಾತೇ ಸರಿಯೆಂದು ಖಂಡೆಪ್ಪ ಒಳಗೊಳಗೇ ತೀರ್ಮಾನಿಸಿದ್ದ. ಒಣಗಿದ ಮೈ, ಆ ಮೈಗೆ ಯಾರೋ ಕಡ ಕೊಟ್ಟಂಥ ಮೀಸೆ. ತಿರುವಿನಲ್ಲಿ ಮೊದಲು ಮೀಸೆ ಬರುತ್ತದೆ, ಹಾರ್ನ್ ಆಮೇಲೆ ಕೇಳುತ್ತದೆ, ಗಾಡಿ ಕೊನೆಗೆ ಕಾಣುತ್ತದೆ ಎಂದು ಬಸ್‌ಸ್ಟ್ಯಾಂಡಿನ ಜನ ಹೇಳುತ್ತಿದ್ದರು. ಕುಡಿತವಿಲ್ಲ, ಇಸ್ಪೀಟಿಲ್ಲ. ಇದ್ದದ್ದು ಒಂದೇ ಚಟ, ಹೊಟ್ಟೆಕಿಚ್ಚು. ಆ ಕಿಚ್ಚಿನ ಮೇಲೆ ಇಂಡಿ ತಾಲೂಕಿಗೆಲ್ಲ ರೊಟ್ಟಿ ಸುಟ್ಟು, ಉಳಿದ ಕೆಂಡದಲ್ಲಿ ಮುದ್ದೇಬಿಹಾಳದವರಿಗೆ ಬದನೆಕಾಯಿ ಸುಟ್ಟುಕೊಡಬಹುದಿತ್ತು. ಬೇರೆಯವರು ಬೇರೆಯವರ ಹೊಲ, ಮನೆ, ಬಂಗಾರ ನೋಡಿ ಉರಿದುಕೊಳ್ಳುತ್ತಾರೆ. ಇವನದು ಹಾಗಲ್ಲ. ಆ ಗಾಡಿಯನ್ನು ಇನ್ನೊಬ್ಬ ಮುಟ್ಟಿದರೆ ಸಾಕು. ಒಮ್ಮೆ ಕೋರ್ಟಿನ ಮುಂದೆ ಯಾವನೋ ಕಕ್ಷಿದಾರ ಮಡ್‌ಗಾರ್ಡಿಗೆ ಆನಿಕೊಂಡು ಬೀಡಿ ಹಚ್ಚಿದ.

“ಏ ತಮ್ಮಾ, ನಿನ್ನ ಹೇಂತಿ ಹೆಗಲಿಗೆ ಯಾರರೆ ಹಿಂಗ ಆನಕೊಂಡು ಬೀಡಿ ಸೇದಿದ್ರ ಸುಮ್ಮ ನಿಂತ ನೋಡ್ತೀಯೇನ?” ಎಂದ ಖಂಡೆಪ್ಪ. ಆ ಮನುಷ್ಯ ಬೀಡಿಯನ್ನಷ್ಟೇ ಅಲ್ಲ, ಕೇಸನ್ನೂ ಬಿಟ್ಟು ಊರಿಗೆ ಹೋದನಂತೆ.

ನಮ್ಮ ಎರೆಭೂಮಿಯ ಬಂಡಿದಾರಿಗಳಲ್ಲಿ ಚಕ್ಕಡಿಯ ಗಾಲಿಗಳು ಎರಡೂ ಬದಿಗೆ ಆಳವಾದ ಜಾಡು ಕೊರೆದಿರುತ್ತವೆ, ನಡುವೆ ಉದ್ದಕ್ಕೂ ದಿಬ್ಬ ಉಳಿದಿರುತ್ತದೆ. ಮೋಟಾರಿನ ಗಾಲಿಗಳು ಆ ಜಾಡಿಗೆ ಇಳಿದರೆ ಅದರ ಹೊಟ್ಟೆ ದಿಬ್ಬಕ್ಕೆ ಉಜ್ಜುತ್ತದೆ. ಹಾಗೆ ಉಜ್ಜಿದಾಗಲೆಲ್ಲ ಖಂಡೆಪ್ಪ ಚಕ್ಕಡಿ ಗಾಲಿಗೆ ಹಳಿ ಕಟ್ಟುವ ಮಡಿವಾಳಪ್ಪನ ಕುಲುಮೆಗೆ ಹೋಗಿ, ಹಳೆಯ ಲಾರಿಯ ಒಂದೊಂದು ಪಾಟಾ ಜೋಡಿಸಿಕೊಂಡು ಬರುತ್ತಿದ್ದ. ಪಾಟಾ ಎಂದರೆ ಗಾಡಿಯ ಭಾರವನ್ನು ಗಾಲಿಯ ಮೇಲೆ ಹೊರುವ ಬಾಗಿದ ಉಕ್ಕಿನ ಪಟ್ಟಿ. ಒಂದರ ಮೇಲೊಂದು ಪೇರಿಸಿದಷ್ಟೂ ಗಾಡಿ ಮೇಲೇಳುತ್ತದೆ. ಇಪ್ಪತ್ತಾರು ವರ್ಷಗಳಲ್ಲಿ ಒಂದೊಂದು ಗಾಲಿಗೂ ಆರಾರು ಪಾಟಾ ಹೆಚ್ಚಾದವು. ಗಾಡಿ ಒಂಟೆಯಾಯಿತು. ಅದರ ಕೆಳಗೆ ಎಮ್ಮೆಕರು ತಲೆ ಬಗ್ಗಿಸದೆ ನೆರಳಿಗೆ ನಿಲ್ಲುತ್ತಿತ್ತು. ತನ್ನ ಸೀಟಿನಲ್ಲಿ ಕೂತು ನೋಡಿದರೆ ಸಿಂದಗಿ ಸಂತೆಗೆ ಮೆಣಸಿನಕಾಯಿ ಬಂದಿದೆಯೋ ಇಲ್ಲವೋ ಇಂಡಿಯಿಂದಲೇ ಗೊತ್ತಾಗುತ್ತದೆಂದು ಖಂಡೆಪ್ಪ ಹೇಳುತ್ತಿದ್ದ. ಬಸ್ಸಿನ ಡ್ರೈವರುಗಳನ್ನು ಅವನು ಮೇಲಿನಿಂದ ಕೆಳಗೆ ನೋಡುತ್ತಲೇ ಮಾತಾಡಿಸುತ್ತಿದ್ದ.

ಸಾವಿರದ ಒಂಬೈನೂರ ಎಪ್ಪತ್ತೇಳರಲ್ಲಿ ಎರಡು ಸಂಗತಿಗಳು ಕೂಡಿ ಅವನ ಸುಖಕ್ಕೆ ಕಲ್ಲು ಹಾಕಿದವು.

ರಾಯರ ತಾಯಿ ವೆಂಕೂಬಾಯಿ ಎಪ್ಪತ್ತೆಂಟು ವರ್ಷದ ಮಡಿ ಹೆಂಗಸು. ಮಡಿಯಲ್ಲಿದ್ದಾಗ ಯಾರೂ ಕೈ ಹಿಡಿದು ಹತ್ತಿಸುವಂತಿಲ್ಲ. ನಾಲ್ಕು ವರ್ಷದ ಹಿಂದೆ ಗಾಡಿಗೆ ಹತ್ತಲು ಸ್ಟೂಲ್ ಇಟ್ಟು, ಸ್ಟೂಲಿನ ಮೇಲೆ ಮಣೆ ಇಟ್ಟು, ಮಣೆಯ ಮೇಲೆ ಅವರು ನಿಂತಾಗ ಮಣೆ ಜಾರಿತು. ಅಂದು ಮೊಣಕಾಲು ಊದಿಸಿಕೊಂಡವರು, “ಇನ್ನ ಈ ಮಾಳಗಿ ಹತ್ತೂದಿಲ್ಲ” ಎಂದು ಬಿಟ್ಟರು. ಗೊಳಸಂಗಿಯಾಚೆ ಹೊಲದ ಮನೆಯಲ್ಲಿದ್ದ ತಂಗಿ ಸಾವಿತ್ರೀಬಾಯಿಯ ಮುಖವನ್ನು ಅಂದಿನಿಂದ ನೋಡಿರಲಿಲ್ಲ. ಅಕ್ಕನಿಗೆ ತಂಗಿಯ ಮೇಲೆ ಪ್ರೀತಿ ಬಹಳ. ತನಗಿಲ್ಲದ ಹಲ್ಲು ತಂಗಿಗೆ ಇನ್ನೂ ಇವೆಯೆಂಬ ಸಿಟ್ಟೂ ಅಷ್ಟೇ ಇತ್ತು. ಎಷ್ಟು ಉಳಿದಿವೆ ಎಂದು ಈ ವರ್ಷ ಹೋಗಿ ನೋಡಿಯೇ ಬರಬೇಕೆಂದು ಹಟ ಹಿಡಿದರು.

ಎರಡನೆಯದು ಚಡಚಣದ ಬಸಂತರಾಯ. ದ್ರಾಕ್ಷಿ ಮಾರಿ ಹೊಸ ಮೋಟಾರು ಕೊಂಡಿದ್ದ. ನೆಲಕ್ಕೆ ಅಂಟಿದಂಥ ಗಾಡಿ. ತಾನೇ ನಡೆಸಿಕೊಂಡು ಕೋರ್ಟಿಗೆ ಬಂದು, ಬಾಗಿಲು ತೆರೆದು, ಸ್ಟೂಲಿಲ್ಲದೆ ಇಳಿದ. ವಾಸುದೇವರಾಯರು ಅಂದು ಮಧ್ಯಾಹ್ನ ಊಟ ಮಾಡಲಿಲ್ಲ.

“ಖಂಡೆಪ್ಪಾ, ಗಾಡಿ ತಗ್ಗಸೋದದ,” ಎಂದರು ಸಂಜೆ. “ಅಪ್ಪಾಸಾಹೇಬರು ತಂದಾಗ ಹೆಂಗಿತ್ತೋ ಹಂಗ ಆಗಬೇಕು.”

“ತಗ್ಗಸೂದ್ರಿ? ಮನಷ್ಯಾ ಬೆಳದ ಮ್ಯಾಲ ತಿರಗಿ ತೊಟ್ಟಲಾಗ ಹಾಕ್ತಾರೇನ್ರಿ ರಾಯರ?”

“ನಿನ್ನ ಕೇಳ್ಲಿಕ್ಕತ್ತಿಲ್ಲ, ಹೇಳ್ಲಿಕ್ಕತ್ತೇನಿ. ಅಷ್ಟು ಎತ್ತರದಾಗ ಕೂತ್ರ ನನಗ ತಲಿ ತಿರಗತದ. ತಗ್ಗಿದ ಮ್ಯಾಲ ನಾನ ನಡಸ್ತೇನಿ. ನೀ ಹೊಲದ ಕಡೆ ನೋಡಿಕೋ.”

ಖಂಡೆಪ್ಪನಿಗೆ ಉಳಿದ ಮಾತೆಲ್ಲ ಗಾಳಿಗೆ ಹೋಯಿತು. ‘ನಾನ ನಡಸ್ತೇನಿ’ ಮಾತ್ರ ಕಿವಿಯಲ್ಲಿ ಉಳಿಯಿತು.

ಸಿಂದಗಿಯಿಂದ ಬಂದೇನವಾಜ ಬಂದ. ಸೋಲಾಪುರದಲ್ಲಿ ಹತ್ತು ವರ್ಷ ಕೆಲಸ ಕಲಿತ ಮಿಸ್ತ್ರಿ, ಮೂವತ್ತೆರಡರ ಪ್ರಾಯ, ನಗುಮುಖ. ಗಾಡಿಯ ಸುತ್ತ ಒಂದು ಸಲ ಸುತ್ತಿ, ಕೆಳಗೆ ಇಣುಕಿ, “ಯಾ ಅಲ್ಲಾ, ಇದರ ಕೆಳಗ ಒಂದ ಸಾಲಿ ನಡಸಬಹುದಲ್ರಿ ಕಾಕಾ!” ಎಂದ.

“ನಡಸು. ಮೊದಲ ನೀನ ಅದರಾಗ ಕುಂತು ಕಲಿ,” ಎಂದ ಖಂಡೆಪ್ಪ.

ಹದಿನೆಂಟು ದಿನ ಬೇವಿನ ಮರದ ಕೆಳಗೆ ಗಾಡಿ ಬಿಚ್ಚಿಕೊಂಡು ಬಿದ್ದಿತ್ತು. ಬಂದೇನವಾಜ ತುಕ್ಕು ಕೆರೆದ, ಹರಿದ ಸೀಟು ಹೊಲಿಸಿದ, ಎಂಜಿನ್ನಿನೊಳಗಿಂದ ಎರಡು ಇಲಿಯ ಗೂಡು ಮತ್ತು ಅಪ್ಪಾಸಾಹೇಬರ ಕಾಲದ ಒಂದು ನಶ್ಯದ ಡಬ್ಬಿ ತೆಗೆದ. ಹೆಚ್ಚಿಗೆ ಹಾಕಿದ್ದ ಪಾಟಾಗಳನ್ನು ಕಳಚಿದ. ಮೂಲದ ಪಾಟಾಗಳನ್ನು ಕಾಯಿಸಿ, ಬಾಗು ಸರಿಪಡಿಸಿ, ನಡುನಡುವೆ ಗ್ರೀಸ್ ಸವರಿ ಮತ್ತೆ ಕಟ್ಟಿದ. ಖಂಡೆಪ್ಪ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದ. ಇಪ್ಪತ್ತಾರು ವರ್ಷ ತಾನು ಕಾಣದ ಭಾಗಗಳನ್ನೆಲ್ಲ ನಿನ್ನೆ ಬಂದವನು ಕೈಯಾಡಿಸಿ ನೋಡುತ್ತಿದ್ದಾನೆ. ಅದನ್ನು ಕುರಿತು ಹೆಂಡತಿ ಗುರವ್ವನ ಮುಂದೆಯೂ ಹೇಳಿಕೊಂಡ.

“ಅಯ್ಯ, ನನ್ನ ಹೆರಿಗ್ಯಾಗ ದವಾಖಾನಿಗೆ ಹೋದಾಗ ಇಷ್ಟ ಒದ್ದಾಡಲಿಲ್ರಲಾ ನೀವು!” ಎಂದಳು ಗುರವ್ವ.

“ಅಲ್ಲಿ ಡಾಕ್ಟರ ಮೀಸಿ ಬೋಳಿಸಿದ್ದ,” ಎಂದ ಖಂಡೆಪ್ಪ. ಬಂದೇನವಾಜನ ಮೀಸೆ ಚೆನ್ನಾಗಿತ್ತು.

ಅದಕ್ಕಿಂತ ಉರಿಸಿದ್ದು ಚಹಾ. ಖಂಡೆಪ್ಪನ ಕಪ್ಪೂ ಬಂದೇನವಾಜನ ಕಪ್ಪೂ ಹೊರಗಿನ ಒಂದೇ ಗೂಡಿನಲ್ಲಿರುತ್ತಿದ್ದವು. ಅಷ್ಟರಮಟ್ಟಿಗೆ ವೆಂಕೂಬಾಯಿಯವರದು ಸಮಾನ ನ್ಯಾಯ. ಆದರೆ ನಾಲ್ಕನೆಯ ದಿನ ಬಂದೇನವಾಜನ ಕಪ್ಪಿನ ಕೆಳಗೆ ಬಸಿ, ಎಂದರೆ ಸಾಸರು, ಬಂತು! ಇಪ್ಪತ್ತಾರು ವರ್ಷ ಖಂಡೆಪ್ಪ ಬಿಸಿ ಕಪ್ಪನ್ನು ಧೋತರದ ಚುಂಗಿನಲ್ಲಿ ಹಿಡಿದು ಕುಡಿದಿದ್ದ. ಅಂದಿನ ಚಹಾ ಅವನ ಹೊಟ್ಟೆಗೆ ಇಳಿದು ಮತ್ತೆ ಕುದಿಯಿತು.

ಬಾಯಿ ಬಿಟ್ಟು ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ‘ತಮ್ಮಾ, ನೀ ಸೋಲಾಪುರದ ಡಾಂಬರ ರಸ್ತಾದ ಅಳತಿ ಹಿಡದಿ, ನಮ್ಮ ಬಂಡಿದಾರ್ಯಾಗ ಇದು ಹೊಟ್ಟಿ ಮ್ಯಾಲ ಕೂಡತೈತಿ’ ಎಂದು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಬಸಿಯನ್ನು ನೋಡಿ ಹಿಂದಕ್ಕೆ ಹೋಯಿತು. ಗಾಡಿ ದಿಬ್ಬದ ಮೇಲೆ ಕೂತಾಗ ಮಿಸ್ತ್ರಿಯ ಮಾನ ಹೋಗಲಿ, ಪಾಟಾಗಳು ತಿರುಗಿ ಬರಲಿ, ರಾಯರಿಗೆ ಮತ್ತೆ ತಲೆ ತಿರುಗಲಿ ಎಂದುಕೊಂಡು ಖಂಡೆಪ್ಪ ಕಾಯುತ್ತ ಕೂತ.

ಗಾಡಿ ಒಂದು ಮೊಳ ತಗ್ಗಿ ನಿಂತಿತು. ಬಣ್ಣ ಎಷ್ಟು ಹೊಳೆಯಿತೆಂದರೆ ಕ್ಷೌರಿಕ ತನ್ನ ಕನ್ನಡಿ ಮುಚ್ಚಿಟ್ಟು ಗಿರಾಕಿಗಳನ್ನು ಅದರ ಮುಂದೆ ಕೂರಿಸಲು ಕೇಳಿದನಂತೆ. ವೆಂಕೂಬಾಯಿ ಹೊಸ್ತಿಲು ದಾಟಿದಂತೆ ಒಂದೇ ಹೆಜ್ಜೆಗೆ ಒಳಗೆ ಹೋಗಿ ಕೂತರು.

“ಬಂದೇನವಾಜಾ, ನಿನ್ನ ಕೈ ತಣ್ಣಗಿರಲಿಪಾ,” ಎಂದರು.

ಖಂಡೆಪ್ಪನಿಗೆ ಅವರು ಇಷ್ಟು ವರ್ಷ ಹೇಳಿದ್ದು ಒಂದೇ ಮಾತು, “ಸಾವಕಾಶ ಹೊಡಿಯೋ.”

ಮರುದಿನ ರಾಯರು ಕೋಟು ಹಾಕಿಕೊಂಡು, ತಾವೇ ಗಾಡಿ ನಡೆಸಿಕೊಂಡು ಸಾಲೋಟಗಿಯ ಹೊಲಕ್ಕೆ ಹೊರಟರು. ತಾಸಿನ ಮೇಲೆ ಆಳೊಬ್ಬ ಓಡಿ ಬಂದ. ಖಂಡೆಪ್ಪ ಎರಡು ಜೋಡಿ ಎತ್ತು ಹೊಡೆದುಕೊಂಡು ಹೋಗಿ ನೋಡಿದರೆ, ಮೋಟಾರು ಗಡಿಗೆಯ ಮೇಲಿಟ್ಟ ಆಮೆಯ ಹಾಗೆ ದಿಬ್ಬದ ಮೇಲೆ ಹೊಟ್ಟೆ ಊರಿ ಕೂತಿತ್ತು. ಗಾಲಿಗಳು ಜಾಡಿನೊಳಗೆ ಸುಮ್ಮನೆ ತಿರುಗುತ್ತಿದ್ದವು. ಖಂಡೆಪ್ಪನ ಮುಖದಲ್ಲಿ ಮಗಳ ಮದುವೆಯ ಕಳೆ ಬಂತು.

“ನಗಬ್ಯಾಡ,” ಎಂದರು ರಾಯರು.

“ನಗಾಕತ್ತಿಲ್ರಿ. ಬಿಸಲಿಗೆ ಹಲ್ಲ ಕಾಣಾಕತ್ತಾವ್ರಿ.”

ಎತ್ತುಗಳು ಗಾಡಿಯನ್ನು ಎಳೆದು ಹಾಕಿದ ಮೇಲೆ ರಾಯರು ತಗ್ಗಿದ ದನಿಯಲ್ಲಿ ಹೇಳಿದರು: “ಈ ಸುದ್ದಿ ಚಡಚಣಕ್ಕ ಮುಟ್ಟಬಾರದು. ನಾಳೆ ಅವ್ವನ್ನ ಗೊಳಸಂಗಿಗೆ ನೀ ಕರಕೊಂಡು ಹೋಗು. ನಿನ್ನ ಕೈಯಾಗೂ ಕೂತತಂದ್ರ ತೀರಿತು, ಬಂದೇನವಾಜಗ ಹೇಳಿ ಪಾಟಾ ಎಲ್ಲಾ ತಿರಗಿ ಹಾಕಸ್ತೇನಿ. ಅವ್ವನ ನಸೀಬದಾಗ ತಂಗಿ ಮನಿ ಇಲ್ಲ ಅಂತ ತಿಳಕೊಳ್ಳೋಣ.”

ಖಂಡೆಪ್ಪನಿಗೆ ಬೇಕಾದದ್ದು ಕೈಗೇ ಬಂದು ಬಿತ್ತು. ಏನೂ ಮಾಡಬೇಕಾಗಿಲ್ಲ. ಎಲ್ಲರೂ ಹೋಗುವ ಹಾಗೆ ಜಾಡಿನಲ್ಲಿ ಗಾಲಿ ಇಳಿಸಿದರೆ ಸಾಕು, ಉಳಿದದ್ದನ್ನು ದಿಬ್ಬ ನೋಡಿಕೊಳ್ಳುತ್ತದೆ.

ಬೆಳಗಿನ ಹೊತ್ತು ಹೊರಟರು. ಡಾಂಬರು ಇರುವವರೆಗೆ ಗಾಡಿ ಎಣ್ಣೆಯ ಮೇಲೆ ಜಾರಿದಂತೆ ಹೋಯಿತು, ಅದು ಖಂಡೆಪ್ಪನಿಗೆ ಇನ್ನಷ್ಟು ಸಿಟ್ಟು ತರಿಸಿತು. ಗೊಳಸಂಗಿ ದಾಟಿ ಸಾವಿತ್ರೀಬಾಯಿಯ ಹೊಲದ ಮನೆಗೆ ಮೂರು ಮೈಲಿ ಬಂಡಿದಾರಿ. ಅದರ ಬಾಯಿಯಲ್ಲಿ ಅವನು ಗಾಡಿ ನಿಲ್ಲಿಸಿದ. ಕಪ್ಪು ಜಾಡುಗಳೆರಡೂ ಬಾ ಎನ್ನುವಂತೆ ಬಿದ್ದಿದ್ದವು. ಕನ್ನಡಿಯಲ್ಲಿ ವೆಂಕೂಬಾಯಿ ಕಂಡರು. ತಂಗಿಗೆಂದು ಕಟ್ಟಿದ ಕರದಂಟಿನ ಡಬ್ಬಿಯನ್ನು ತೊಡೆಯ ಮೇಲೆ ಎರಡೂ ಕೈಯಲ್ಲಿ ಹಿಡಿದು, ಮುಂದೆ ಬಾಗಿ, ಆ ಮೂರು ಮೈಲಿಯಾಚೆಯ ಮನೆ ಈಗಲೇ ಕಾಣುತ್ತದೇನೋ ಎಂದು ನೋಡುತ್ತಿದ್ದರು. ಖಂಡೆಪ್ಪ ಮುಖ ತಿರುಗಿಸಿದ. ಗೇರ್ ಹಾಕಿ ಜಾಡಿನ ಕಡೆಗೇ ಸ್ಟೇರಿಂಗ್ ತಿರುಗಿಸಿದ.

“ಯಾಕೋ ನಿಂತಿದ್ದಿ? ದಾರಿ ಕಠಿಣ ಅದ ಏನು?” ಎಂದರು ವೆಂಕೂಬಾಯಿ. ಆಮೇಲೆ ತಮ್ಮಷ್ಟಕ್ಕೇ ಅಂದರು: “ಬಂದೇನವಾಜನ್ನ ಕರಕೊಂಡು ಬಂದಿದ್ರ ಛಲೋ ಆಗ್ತಿತ್ತು. ಆಂವಾ ಆಗಿದ್ರ ಹ್ಯಾಂಗರೆ ಮಾಡಿ ಮುಟ್ಟಸ್ತಿದ್ದ.”

ಖಂಡೆಪ್ಪನ ಮೀಸೆಯ ಎರಡೂ ತುದಿ ಮೇಲಕ್ಕೆದ್ದವು.

“ಬಾಯಾರ,” ಎಂದ ಹಲ್ಲು ಕಚ್ಚಿ, “ಡಬ್ಬಿ ಗಟ್ಟಿ ಹಿಡೀರಿ.”

ಎಡಗಡೆಯ ಗಾಲಿಗಳನ್ನು ನಡುವಿನ ದಿಬ್ಬದ ಮೇಲೆ ಹತ್ತಿಸಿದ. ಬಲಗಡೆಯವನ್ನು ಜಾಡಿನಾಚೆಯ ಬದುವಿನ ಮೇಲೆ ಇಟ್ಟ. ಆಳದ ಜಾಡು ಗಾಡಿಯ ಹೊಟ್ಟೆಯ ಕೆಳಗೆ ಬಾಯಿ ತೆರೆದು ಉಳಿಯಿತು. ದಿಬ್ಬದ ನೆತ್ತಿ ಒಂದು ಗೇಣು ಅಗಲ, ಬದು ಕೆಲವು ಕಡೆ ಅದಕ್ಕೂ ಕಡಿಮೆ. ಎರಡು ಬೆರಳು ತಪ್ಪಿದರೆ ಗಾಡಿ ಜಾಡಿಗೆ ಮಗುಚುತ್ತಿತ್ತು. ಎದುರಿಗೆ ಬಂದ ಚಕ್ಕಡಿಯ ಎತ್ತುಗಳು ಈ ಆಟ ನೋಡಿ ತಾವಾಗಿ ಪಕ್ಕಕ್ಕೆ ಸರಿದವು. ಮೂರು ಮೈಲಿಯಲ್ಲಿ ಖಂಡೆಪ್ಪ ಒಂದೂವರೆ ಸಲ ಉಸಿರಾಡಿದ. ಬೆವರು ಹರಿದು ಧೋತರ ತೊಯ್ದು, ಅಲ್ಲಿಂದ ಇಳಿದ ನೀರಿಗೆ ಆ ದಾರಿಯ ಜೋಳ ಒಂದು ತಿಂಗಳು ಮೊದಲೇ ತೆನೆ ಹಿಡಿಯಿತು. ಕರದಂಟಿನ ಡಬ್ಬಿಯ ಮುಚ್ಚಳ ಮಾತ್ರ ಸದ್ದು ಮಾಡಲಿಲ್ಲ.

ಹೊಲದ ಮನೆಯ ಮುಂದೆ ಅಕ್ಕತಂಗಿಯರು ಅತ್ತರು, ನಕ್ಕರು. ಅಕ್ಕ ಮೊದಲು ತಂಗಿಯ ಬಾಯಿ ತೆರೆಸಿ ನೋಡಿದರು. ಮೂರೇ ಹಲ್ಲು ಉಳಿದಿದ್ದವು. ವೆಂಕೂಬಾಯಿಯ ಮುಖ ಹತ್ತು ವರ್ಷ ಚಿಕ್ಕದಾಯಿತು.

“ಈ ದಾರ್ಯಾಗ ಮೋಟಾರ ಹ್ಯಾಂಗ ಬಂತ ಅಕ್ಕಾ?” ಎಂದರು ಸಾವಿತ್ರೀಬಾಯಿ.

“ಬಂದೇನವಾಜ ಅಂತ ಮಿಸ್ತ್ರಿ ಇದ್ದಾನ. ಎಂಥಾ ಮಾಡ್ಯಾನಂತೀ! ಒಂದ ಜೋಲಿ ಹೊಡೀಲಿಲ್ಲ.”

ಖಂಡೆಪ್ಪ ಬಾವಿಗೆ ಹೋಗಿ ಮೂರು ಕೊಡ ನೀರು ತಲೆಗೆ ಸುರಿದುಕೊಂಡ. ಆವಿ ಎದ್ದಿತು. ತಾನು ಹೇಗೆ ನಡೆಸಿದೆನೆಂದು ಹೇಳಬೇಕಾದರೆ, ಗಾಡಿ ಇಲ್ಲಿ ಕೂಡುತ್ತದೆಂದು ಮೊದಲೇ ಗೊತ್ತಿದ್ದದ್ದನ್ನೂ ಹೇಳಬೇಕಿತ್ತು. ಹೇಳಲಿಲ್ಲ. ಹೋದ ಹಾಗೆಯೇ ತಿರುಗಿ ಬಂದ.

ಎರಡು ದಿನದ ಮೇಲೆ ರಾಯರು ಕರೆಸಿದ್ದಕ್ಕೆ ಬಂದೇನವಾಜ ಬಂದು ಗಾಡಿಯ ಕೆಳಗೆ ಮಲಗಿದ. ಬಹಳ ಹೊತ್ತು ಹೊರಗೆ ಬರಲಿಲ್ಲ.

“ಕಾಕಾ, ಸಾಲೋಟಗ್ಯಾಗ ರಾಯರು ಮಾಡಿದ್ದ ಗೀಟ ಇಲ್ಲೈತಿ. ಗೊಳಸಂಗಿದೊಂದೂ ಇಲ್ಲ.”

“ಇರೂದಿಲ್ಲ.”

“ಹೆಂಗ ನಡಸಿದ್ರಿ?”

ಖಂಡೆಪ್ಪ ಮೀಸೆ ತೀಡಿದ. ಬಂದೇನವಾಜ ಹೊರಗೆ ತೆವಳಿ ಬಂದು, ಮಣ್ಣು ಹಿಡಿದ ಟೈರಿನ ಬದಿಗಳನ್ನು ಮುಟ್ಟಿ ನೋಡಿ ತಾನೇ ಲೆಕ್ಕ ಹಾಕಿದ. ಅವನ ಕಣ್ಣು ಅಗಲವಾದವು.

“ದಿಬ್ಬದ ಮ್ಯಾಲ? ಮೂರ ಮೈಲ? ಕಾಕಾ, ನಂಗ ಬಿಚ್ಚಾಕ ಬರತೈತಿ, ಜೋಡಸಾಕ ಬರತೈತಿ. ಇದು ನನ್ನ ಕೈಲೆ ಆಗೂದಲ್ಲ.” ಆಮೇಲೆ ತಲೆ ಕೆರೆದುಕೊಂಡ. “ತಪ್ಪ ನಂದ. ಅಳತಿ ಹಿಡಿಯೂಮುಂದ ದಾರಿ ಕೇಳಲಿಲ್ಲ. ರಾಯರು ತಾವೂ ನಡಸಬೇಕು, ಎರಡೆರಡ ಪಾಟಾ ತಿರಗಿ ಹಾಕು ಅಂದಾರ. ಬಾಯಾರು ಹತ್ತಾಕೂ ತ್ರಾಸ ಆಗೂದಿಲ್ಲ. ಹಾಕ್ತೇನಿ.”

“ಒಂದ ಪಾಟಾ ಮುಟ್ಟಿದ್ರ ನೋಡ!” ಎಂದ ಖಂಡೆಪ್ಪ.

“ಯಾಕ್ರಿ? ತಗ್ಗಸಬ್ಯಾಡ ಅಂದವ್ರ ನೀವಲ್ಲ?”

ಖಂಡೆಪ್ಪ ಅತ್ತಿತ್ತ ನೋಡಿ ದನಿ ಇಳಿಸಿದ. “ಎತ್ತರ ಮಾಡಿದ್ರ ಯಾವ ಬೇಕಾದಾಂವ ನಡಸ್ತಾನ. ಹಿಂಗ ಇದ್ರ ಇಂಡಿ, ಸಿಂದಗಿ, ಬಾಗೇವಾಡಿ ಮೂರೂ ತಾಲೂಕಿನಾಗ ಇದನ್ನ ನಡಸಾಂವ ನಾ ಒಬ್ಬನ. ತಿಳೀತ? ಬಾಯಾರ ಮಣಕಾಲಿಗೆ ಇದ ಬರೋಬ್ಬರಿ ಅಳತಿ ಅಂತ ರಾಯರಿಗೆ ನೀ ಹೇಳು. ನಿನ್ನ ಮಾತ ಕೇಳ್ತಾರ.”

ಬಂದೇನವಾಜ ನಕ್ಕ. ಒಳಗೆ ಹೋಗಿ ಹೇಳಿಯೂ ಬಂದ. ತಾಯಿಯ ಮೊಣಕಾಲಿನ ಮಾತು ಬಂದ ಮೇಲೆ ವಕೀಲರಿಗೆ ವಾದವೇ ಉಳಿಯಲಿಲ್ಲ. ಸ್ಟೇರಿಂಗ್ ಖಂಡೆಪ್ಪನ ಕೈಯಲ್ಲೇ ಉಳಿಯಿತು.

ಸಂಜೆ ಉಣ್ಣುತ್ತ ಕೂತಾಗ ಖಂಡೆಪ್ಪ, “ಬಂದೇನವಾಜ ಛಲೋ ಮನಷ್ಯಾ ಇದ್ದಾನ,” ಎಂದ. ರೊಟ್ಟಿ ಬಡಿಯುತ್ತಿದ್ದ ಗುರವ್ವನ ಕೈ ನಿಂತಿತು.

“ಏನ್ರಿ, ಮೈಯಾಗ ಆರಾಮಿಲ್ಲೇನು?”

“ಆರಾಮದೇನಿ. ಕೆಲಸ ಬಲ್ಲಾಂವ, ಸುಳ್ಳ ಹೇಳೂದಿಲ್ಲ, ದೊಡ್ಡವರಿಗೆ ಮರ್ಯಾದಿ ಕೊಡ್ತಾನ.” ಖಂಡೆಪ್ಪ ಇನ್ನೊಂದು ತುತ್ತು ಮುರಿದು, ಬಹಳ ತೃಪ್ತಿಯಿಂದ ಅಗಿದು, ಕೂಡಿಸಿದ: “ಪಾಪ, ಗಾಡಿ ನಡಸಾಕ ಬರೂದಿಲ್ಲ ಅವಗ.”