ಎರಡನೆಯ ಸಾಕ್ಷಿಯ ಜಾಗ

ನೋಂದಣಿ ಕಚೇರಿಯ ಜಗಲಿಯಲ್ಲಿ ಅವನ ಪಕ್ಕದ ಮೇಜು ನನ್ನದು. ನಾನು ಛಾಪಾಕಾಗದ ಮಾರುವವನು, ಅವನು ಕ್ರಯ, ಉಯಿಲಿನ ಪತ್ರ ಬರೆಯುವವನು. ಒಂದು ಚುಕ್ಕೆ ತಪ್ಪಿದರೂ ಇಡೀ ಹಾಳೆ ಹರಿದು ಹೊಸದಾಗಿ ಟೈಪ್ ಮಾಡುವ ಆಸಾಮಿಯಾದ್ದರಿಂದ ಜನ ಅವನಿಗೆ ‘ಪೂರ್ಣವಿರಾಮ’ ಎಂದು ಹೆಸರಿಟ್ಟಿದ್ದರು. ಮೂವತ್ತು ವರ್ಷದಲ್ಲಿ ಅವನು ಬರೆದ ಒಂದು ಪತ್ರವೂ ವಾಪಸು ಬಂದಿರಲಿಲ್ಲ. ಅದರ ಜಂಬ ಅವನಿಗಿಂತ ಅವನ ಅಕ್ಕನಿಗೇ ಹೆಚ್ಚು.

ತಾಯಿ ತೀರಿಕೊಂಡಾಗ ಅವನಿಗೆ ನಾಲ್ಕು ವರ್ಷ, ಅಕ್ಕನಿಗೆ ಹದಿನೈದು. ಹೊಲಿಗೆ ಯಂತ್ರ ತುಳಿದು ಅವನನ್ನು ಓದಿಸಿದಳು, ಟೈಪ್‌ರೈಟರನ್ನೂ ಕೊಡಿಸಿದಳು. ಮುಪ್ಪಿನಲ್ಲಿ ಅವಳ ಶ್ವಾಸಕೋಶ ಗಟ್ಟಿಯಾಗುತ್ತ ಹೋಯಿತು. ಇದಕ್ಕೆ ಮದ್ದಿಲ್ಲ ಎಂದರು ಡಾಕ್ಟರು. ಗಂಡ ಉಸಿರಾಟದ ಯಂತ್ರಕ್ಕೆ ಸಿಕ್ಕಿಕೊಂಡು ನಲವತ್ತು ದಿನ ನರಳಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು.

ಒಂದು ಮಧ್ಯಾಹ್ನ ಪಕ್ಕದ ಮನೆಯ ನರ್ಸಮ್ಮನ ಕೈ ಹಿಡಿದುಕೊಂಡು ಕಚೇರಿಗೇ ಬಂದಳು.

"ನಂಗೊಂದು ಕಾಗದ ಬರ್ಕೊಡೋ. ವಾಸಿಯಾಗಲ್ಲ ಅಂತಾದ್ಮೇಲೆ ನಂಗೆ ಆ ಮಿಷನ್ ಹಾಕಬಾರ್ದು. ಹಾಕಿದ್ರೂ ತೆಗೀಬೇಕು. ಕಾನೂನಲ್ಲಿ ಈಗ ದಾರಿ ಇದೆಯಂತಲ್ಲ?"

"ಇದೆ ಅಕ್ಕ. ಸಂಬಂಧಿಕರಲ್ಲದ ಇಬ್ಬರು ಸಾಕ್ಷಿ ಬೇಕು. ಅದೆಲ್ಲ ಈಗ್ಯಾಕೆ?"

"ಮತ್ತೆ ಸತ್ತಮೇಲೆ ಬಂದು ಬರೆಸ್ಲಾ?" ಎಂದು ನಕ್ಕಳು. ನಗು ಕೆಮ್ಮಿಗೆ ತಿರುಗಿತು.

ಅವನು ಬರೆದ. ಅಕ್ಕ ಪ್ರತಿ ಪುಟಕ್ಕೂ ಸಹಿ ಹಾಕಿದಳು, ನರ್ಸಮ್ಮ ಮೊದಲನೆಯ ಸಾಕ್ಷಿ. ಎರಡನೆಯವನು ನಾನು. ಪೆನ್ನು ತೆಗೆಯುವಷ್ಟರಲ್ಲಿ ಅವನು ಹಾಳೆ ಎಳೆದುಕೊಂಡ.

"ಇವನದು ಆಮೇಲೆ ಹಾಕಿಸ್ತೀನಿ. ನೀನು ಹೊರಡು ಅಕ್ಕ, ಸುಸ್ತಾಗಿದೀಯ."

ಮರುದಿನ ಕೇಳಿದೆ, ನಾಳೆ ಎಂದ. ಅದರ ಮರುದಿನ ಕಾಗದ ಲಕೋಟೆಯೊಳಗೆ ಸೇರಿತ್ತು, ಲಕೋಟೆಗೆ ಅಂಟು ಬಿದ್ದಿತ್ತು.

"ಎಲ್ಲ ಸರಿ ಇದೆ ಅಂತ ಅಕ್ಕಂಗೆ ಹೇಳಿ ಕೊಟ್ಬಿಡ್ತೀನಿ. ನಿನ್ನ ಸಹಿ ಬಿದ್ರೆ ನನ್ನ ಕೈಯಾರೆ ಅವಳನ್ನ ಕಳಿಸಿದ ಹಾಗಾಗುತ್ತೆ ಕಣಯ್ಯಾ. ನಂಗೆ ಆಗಲ್ಲ."

ಕಿತ್ತುಕೊಂಡು ಸಹಿ ಹಾಕಬಹುದಿತ್ತು. ಅವರ ಮನೆ ವಿಷಯ, ನನಗ್ಯಾಕೆ ಊರ ಉಸಾಬರಿ ಎಂದು ಬಾಯಿ ಮುಚ್ಚಿಕೊಂಡೆ. ಅದಕ್ಕೆ ಇವತ್ತಿಗೂ ನನ್ನ ಮೇಲೆ ನನಗೇ ಸಿಟ್ಟಿದೆ.

ಎರಡು ತಿಂಗಳಿಗೆ ಅವಳನ್ನು ಆಸ್ಪತ್ರೆಗೆ ಸೇರಿಸಿದರು. ಲಕೋಟೆಯನ್ನು ಅವಳೇ ಕೈಯಾರೆ ಡಾಕ್ಟರಿಗೆ ಕೊಟ್ಟಳಂತೆ. ರಾತ್ರಿ ಉಸಿರು ಸಿಕ್ಕಿಹಾಕಿಕೊಂಡಾಗ ಯಂತ್ರ ಹಾಕಿದರು. ಇನ್ನು ವಾಸಿಯಾಗುವುದಿಲ್ಲ ಎಂದು ಖಚಿತವಾದ ದಿನ ಡಾಕ್ಟರು ಹಾಸಿಗೆಯ ಪಕ್ಕದಲ್ಲೇ ತಮ್ಮನ ಕೈಗೆ ಕಾಗದ ವಾಪಸು ಕೊಟ್ಟರು.

"ಇದರಲ್ಲಿ ಒಂದು ಸಹಿ ಇಲ್ಲ. ಇದನ್ನ ಇಟ್ಕೊಂಡು ನಾವು ಯಂತ್ರ ತೆಗೆಯೋ ಹಾಗಿಲ್ಲ. ಮಂಪರಿನ ಔಷಧಿ ಕೊಟ್ಟಿದೀವಿ, ಈಗ ಅದನ್ನ ಸೇರಿಸಿದ್ರೂ, ಅವರ ಹತ್ರ ಹೊಸದು ಬರೆಸಿದ್ರೂ ನಡೆಯಲ್ಲ."

ಡಾಕ್ಟರ ಮೇಲೆ ನನಗೆ ಕೋಪವಿಲ್ಲ. ಕಾನೂನು ಬಿಗಿಯಾಗಿಯೇ ಇರಬೇಕು. ಆಸ್ತಿಗಾಗಿ ಮುದುಕರನ್ನು ಬೇಗ ಸಾಗಹಾಕಲು ಕಾದು ಕೂತವರನ್ನು ನಮ್ಮ ಜಗಲಿಯಲ್ಲೇ ಬೇಕಾದಷ್ಟು ನೋಡಿದ್ದೇನೆ. ಸಾಕ್ಷಿ ಕೇಳುವುದು ಅಂಥವರನ್ನು ತಡೆಯಲಿಕ್ಕೆ. ಪ್ರೀತಿಯಿಂದ ಅಡ್ಡಗಾಲು ಹಾಕುವವರನ್ನು ತಡೆಯಲು ಯಾವ ಕಲಮೂ ಇಲ್ಲ.

ಹತ್ತೊಂಬತ್ತು ದಿನ ಅವಳು ಹಾಗೆಯೇ ಇದ್ದಳು. ಹನ್ನೊಂದನೆಯ ದಿನ ನಾನು ನೋಡಲು ಹೋದಾಗ ಕಣ್ಣು ಬಿಟ್ಟಿದ್ದಳು. ಬಾಯಲ್ಲಿ ಕೊಳವೆ, ಮಾತಿಲ್ಲ. ತಮ್ಮನ ಕೈ ಹಿಡಿದು ಅಂಗೈ ಮೇಲೆ ಬೆರಳಾಡಿಸುತ್ತಿದ್ದಳು. ಏನೋ ಬೇಕೇನೋ ಎಂದು ಅವನು, "ನೀರಾ ಅಕ್ಕ? ನರ್ಸನ್ನ ಕರೀಲಾ?" ಎನ್ನುತ್ತಿದ್ದ.

ನಾನು ಬಗ್ಗಿ ನೋಡಿದೆ. ಅವಳು ಸಹಿ ಮಾಡುತ್ತಿದ್ದಳು. ಹೆಸರು ಬರೆದು, ಕೆಳಗೊಂದು ಗೆರೆ ಎಳೆದು, ಸಾಲದೇನೋ ಎಂಬಂತೆ ಮತ್ತೆ ಮೊದಲಿಂದ. ಡಾಕ್ಟರ ಮಾತು ಮಂಪರಿನಲ್ಲೂ ಕಿವಿಗೆ ಬಿದ್ದು, ಬಿಟ್ಟುಹೋದ ಸಹಿ ತನ್ನದೇ ಎಂದುಕೊಂಡಿದ್ದಳು. ತಮ್ಮನೇ ತಪ್ಪು ಮಾಡಿರಬಹುದು ಎಂಬುದು ಅವಳಿಗೆ ಹೊಳೆದೇ ಇರಲಿಲ್ಲ.

"ನಿನ್ನ ಸಹಿ ಇದೆ ಅಕ್ಕ, ಇದೆ" ಎಂದ ಅವನು. ಅವಳ ಬೆರಳುಗಳನ್ನು ಮಡಚಿ ತನ್ನ ಮುಷ್ಟಿಯೊಳಗೆ ಹಿಡಿದುಕೊಂಡ. ಅವಳು ಕ್ಷಮಿಸು ಎನ್ನುವಂತೆ ಅವನ ಮುಖ ನೋಡಿದಳು.